ರಿನ್ನೆ ಮುಗಿಸಿದವರಿಗೆ: ತಕಾಹಾಶಿಯ ಉಳಿದ ಮಾಂಗಾಗಳಿಗೆ ದಾರಿ

ಮೊದಲು ಲೆಕ್ಕ. ‘ಕ್ಯೋಕಾಯ್ ನೊ ರಿನ್ನೆ’ ಅನಿಮೆ (ಜಪಾನಿ ಆನಿಮೇಷನ್ ಸರಣಿ) ಒಟ್ಟು 75 ಕಂತು, ಅಲೆಯುವ ದೆವ್ವಗಳನ್ನು ಮರುಜನ್ಮಕ್ಕೆ ಕಳಿಸುವ ರಿನ್ನೆ ಎಂಬ ಬಡ ಹುಡುಗನ ಕಥೆ. 2015ರ ಏಪ್ರಿಲ್‌ನಲ್ಲಿ ಶುರುವಾಗಿ 2017ರ ಸೆಪ್ಟೆಂಬರ್‌ವರೆಗೆ ಮೂರು ಸೀಸನ್ ಬಂತು, ಒಂದೊಂದರಲ್ಲಿ 25 ಕಂತು. ರುಮಿಕೊ ತಕಾಹಾಶಿ ಬರೆದ ಮೂಲ ಮಾಂಗಾ (ಜಪಾನಿ ಚಿತ್ರಕಥೆ) 40 ಸಂಪುಟ, 398 ಅಧ್ಯಾಯ. ಅದು ಮುಗಿದದ್ದು 2017ರ ಡಿಸೆಂಬರ್‌ನಲ್ಲಿ. ಅಂದರೆ ಕೊನೆಯ ಕಂತು ಟಿವಿಯಲ್ಲಿ ಬಂದಾಗ ಮಾಂಗಾ ಇನ್ನೂ ನಡೆಯುತ್ತಲೇ ಇತ್ತು. ಅನಿಮೆ ಮಾತ್ರ ನೋಡಿದವರು ಕಥೆಯ ಕೊನೆ ನೋಡಿಲ್ಲ.

‘ಅನಿಮೆ ನಿಂತ ಕಡೆಯಿಂದ ಮಾಂಗಾ ಹಿಡಿಯಬೇಕು, ಯಾವ ಅಧ್ಯಾಯ?’ ಎಂದು ಎಲ್ಲರೂ ಕೇಳುತ್ತಾರೆ. ಹಾಗೆ ಹಿಡಿಯಲು ಹೋಗಬೇಡಿ. 398 ಅಧ್ಯಾಯಗಳನ್ನು 75 ಕಂತುಗಳಿಗೆ ಹಂಚಿದರೆ ಕಂತಿಗೆ ಐದಕ್ಕಿಂತ ಹೆಚ್ಚು ಬೀಳುತ್ತದೆ, ಒಂದು ಕಂತಿನಲ್ಲಿ ಅಷ್ಟಕ್ಕೆ ಜಾಗ ಇರುವುದಿಲ್ಲ. ಅನಿಮೆಯವರು ಎಷ್ಟೋ ಪ್ರಕರಣಗಳನ್ನು ಕೈಬಿಟ್ಟಿದ್ದಾರೆ. ನಡುವಿನಿಂದ ಶುರು ಮಾಡಿದರೆ ‘ಈ ಪಾತ್ರ ಯಾವಾಗ ಬಂತು?’ ಎಂದು ಹತ್ತು ಸಲ ಹಿಂದಕ್ಕೆ ತಿರುಗಿಸಬೇಕಾಗುತ್ತದೆ. ಒಂದನೇ ಅಧ್ಯಾಯದಿಂದಲೇ ಓದಿ. ನೋಡಿದ ಪ್ರಕರಣ ಬಂದಾಗ ಬೇಗ ಸಾಗುತ್ತದೆ, ದಿನಕ್ಕೆ ಒಂದು ಸಂಪುಟ ಕಷ್ಟವೇನಲ್ಲ.

ನಿಯಮದ ಚೀಟಿ

ತಕಾಹಾಶಿಯ ನಗೆ ನಿಂತಿರುವುದು ನಿಯಮದ ಮೇಲೆ. ಪ್ರತಿ ಕೃತಿಯ ಶುರುವಿನಲ್ಲೇ ಆಕೆ ಒಂದೆರಡು ಷರತ್ತು ಹಾಕುತ್ತಾರೆ, ಆಮೇಲೆ ವರ್ಷಗಟ್ಟಲೆ ಅವನ್ನೇ ಬೇರೆ ಬೇರೆ ಕಡೆಯಿಂದ ಎಳೆದಾಡುತ್ತಾರೆ. ಷರತ್ತು ಮರೆತರೆ ಜೋಕು ಸಪ್ಪೆ. ಅದಕ್ಕೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ರಿನ್ನೆಗೆ ಇಷ್ಟು ಸಾಕು:

- ಪಾತಾಳದ ಹಾವೊರಿ (ಮೇಲಂಗಿ): ರಿನ್ನೆ ತೊಟ್ಟರೆ ಸಾಮಾನ್ಯರ ಕಣ್ಣಿಗೆ ಕಾಣುವುದಿಲ್ಲ. ಅದನ್ನೇ ದೆವ್ವಕ್ಕೆ ಹೊದಿಸಿದರೆ ದೆವ್ವಕ್ಕೆ ಮೈ ಬರುತ್ತದೆ.
- ಆಕಾಶದ ಕೆಂಪು ಚಕ್ರ: ಆಸೆ ತೀರಿದ ಆತ್ಮ ಇದನ್ನು ಹತ್ತಿ ಮರುಜನ್ಮಕ್ಕೆ ಹೋಗುತ್ತದೆ.
- ಶಾಲೆಯ ಅಂಗಳದ ಹವಾಮಾನ ಪೆಟ್ಟಿಗೆ, ಥರ್ಮಾಮೀಟರ್ ಇಡುವ ಬಿಳಿ ಮರದ ಗೂಡು: ದೆವ್ವದ ಕಾಟ ಇದ್ದವರು ಚೀಟಿಯನ್ನೂ ಕಾಣಿಕೆಯನ್ನೂ ಇದರೊಳಗೆ ಇಡುತ್ತಾರೆ.
- ದುಡ್ಡು: ಸಲಕರಣೆಗೆಲ್ಲ ಕಾಸು ಬೇಕು, ರಿನ್ನೆಯ ಹತ್ತಿರ ಕಾಸಿಲ್ಲ. ಅಪ್ಪ ಸಬಾತೊ ಇದ್ದಬದ್ದದ್ದನ್ನೂ ಲಪಟಾಯಿಸಿ ಸಾಲ ಹೊರಿಸಿ ಹೋಗುತ್ತಾನೆ.

ನಾಲ್ಕನೆಯದೇ ಮುಖ್ಯ. ಪ್ರತಿ ಪ್ರಕರಣ ಮುಗಿದ ಮೇಲೆ ‘ಈ ಸಲ ಯಾರ ಜೇಬು ಖಾಲಿಯಾಯಿತು?’ ಎಂದು ಕೇಳಿಕೊಳ್ಳಿ. ದೆವ್ವ ಓಡಿಸಿದ ಹುಡುಗನಿಗೆ ಅಸಲೂ ಹುಟ್ಟದಿರುವುದೇ ಈ ಸರಣಿಯ ತಮಾಷೆ. ಹೊಡೆದಾಟಕ್ಕಾಗಿ ಕಾದು ಕೂತವರಿಗೆ ಹತ್ತನೇ ಕಂತಿನ ಹೊತ್ತಿಗೆ ಬೇಸರ ಬರುತ್ತದೆ, ತಪ್ಪು ಕಾದವರದ್ದು.

ಹೆಸರುಗಳನ್ನು ಬಿಡಿಸಿ ನೋಡಿ

ಸಬ್‌ಟೈಟಲ್‌ಗೆ ಇದು ಸಿಗುವುದೇ ಇಲ್ಲ. ಕನ್ನಡದವರಿಗೆ ಮಾತ್ರ ಅರ್ಧ ದಾರಿ ಮೊದಲೇ ಗೊತ್ತಿರುತ್ತದೆ. ನಾಯಕನ ಪೂರ್ತಿ ಹೆಸರು ರೊಕುದೊ ರಿನ್ನೆ. ರೊಕುದೊ ಎಂದರೆ ಆರು ದಾರಿ, ಬೌದ್ಧರ ಆರು ಗತಿಗಳು: ದೇವ, ಮನುಷ್ಯ, ಅಸುರ, ಪ್ರಾಣಿ, ಪ್ರೇತ, ನರಕ. ರಿನ್ನೆ ಎಂದರೆ ನಮ್ಮ ‘ಸಂಸಾರ’, ಹೆಂಡತಿ ಮಕ್ಕಳ ಸಂಸಾರವಲ್ಲ, ಹುಟ್ಟು ಸಾವಿನ ಚಕ್ರ. ಇಂಗ್ಲಿಷ್ ಆವೃತ್ತಿಯಲ್ಲಿ ಹೆಸರಿನ ನಡುವೆ ಅಡ್ಡಗೆರೆ ಇದೆ, ಎರಡು ನಕಾರ ಬಿಡಿಸಿ ಓದಿ; ‘ರಿನ್’ ಎಂದು ಮೊಟಕು ಮಾಡಬೇಡಿ.

ಅವನ ಕಪ್ಪು ಬೆಕ್ಕು ರೊಕುಮೊನ್, ಅಂದರೆ ಆರು ಮೊನ್. ಮೊನ್ ಹಳೆಯ ಕಾಲದ ಚಿಲ್ಲರೆ ನಾಣ್ಯ. ಸತ್ತವರು ಸಾಂಜು ನದಿ ದಾಟಲು ಕೊಡಬೇಕಾದ ದೋಣಿಯ ಬಾಡಿಗೆ ಆರು ಮೊನ್, ಅದಕ್ಕೇ ಹೆಣದ ಜೊತೆ ಆರು ಕಾಸು ಇಡುತ್ತಿದ್ದರು. ನಮ್ಮಲ್ಲಿ ವೈತರಣಿ ದಾಟಲು ಗೋದಾನ ಮಾಡುವಂತೆ. ಚಿಲ್ಲರೆಗೆ ಪರದಾಡುವ ಹುಡುಗನ ಬೆಕ್ಕಿಗೆ ದೋಣಿಯ ಬಾಡಿಗೆಯದೇ ಹೆಸರು! ರಿನ್ನೆಯಂತೆ ಆತ್ಮಗಳನ್ನು ಚಕ್ರಕ್ಕೆ ಕಳಿಸುವವರಿಗೆ ಶಿನಿಗಾಮಿ ಎನ್ನುತ್ತಾರೆ; ಅವರಲ್ಲಿ ಮೋಸಗಾರರಿಗೆ ‘ದಮಾಶಿಗಾಮಿ’ ಎನ್ನುವುದೂ ಇದೇ ಜಾತಿಯ ಜೋಕು. ‘ದಮಾಸು’ ಎಂದರೆ ಮೋಸ ಮಾಡು. ಆಯಸ್ಸು ತೀರದವರನ್ನೂ ಪುಸಲಾಯಿಸಿ ಚಕ್ರಕ್ಕೆ ಸಾಗಿಸುವುದು ಅವರ ದಂಧೆ.

ಒಂದು ಎಚ್ಚರಿಕೆ. ಶಿನಿಗಾಮಿಯನ್ನು ಯಮದೂತ ಎಂದುಕೊಂಡರೆ ದಾರಿ ತಪ್ಪುತ್ತದೆ. ರಿನ್ನೆ ಪ್ರಾಣ ಒಯ್ಯುವವನಲ್ಲ, ಸತ್ತ ಮೇಲೂ ಅಂಟಿಕೊಂಡ ಆಸೆಯನ್ನು ಬಿಡಿಸುವವನು. ಪಿಂಡ ಇಟ್ಟಾಗ ಕಾಗೆ ಮುಟ್ಟದೇ ಹೋದರೆ ನಮ್ಮ ಮನೆಗಳಲ್ಲಿ ‘ಏನೋ ಆಸೆ ಉಳಿದಿದೆ’ ಎಂದು ಒಬ್ಬೊಬ್ಬರೇ ಮುಂದೆ ಬಂದು ಮಾತು ಕೊಡುತ್ತಾರಲ್ಲ, ರಿನ್ನೆಯ ಬಹುಪಾಲು ಪ್ರಕರಣ ಹತ್ತಿರ ಹತ್ತಿರ ಅದೇ. ಉಳಿದ ಆಸೆ ಯಾವುದೆಂದು ಪತ್ತೆ ಮಾಡಬೇಕು. ಅದು ಸಾಮಾನ್ಯವಾಗಿ ತೀರಾ ಕ್ಷುಲ್ಲಕವಾಗಿರುತ್ತದೆ.

ಪುಟ ಓದುವಾಗ

ಬಲದಿಂದ ಎಡಕ್ಕೆ, ಮೇಲಿಂದ ಕೆಳಕ್ಕೆ. ಚೌಕಟ್ಟಿನೊಳಗಿನ ಮಾತಿನ ಬಲೂನುಗಳಿಗೂ ಇದೇ ಕ್ರಮ. ಹೊಸಬರು ಚೌಕಟ್ಟು ಸರಿಯಾಗಿ ಹಿಡಿದು ಬಲೂನಿನಲ್ಲಿ ಎಡವುತ್ತಾರೆ, ಉತ್ತರ ಮೊದಲು ಓದಿ ಪ್ರಶ್ನೆ ಆಮೇಲೆ ಓದುತ್ತಾರೆ.

ನಾಯಕಿ ಸಕುರಾ ಮಾಮಿಯಾಳ ಮುಖ ಇರುವ ಚೌಕಟ್ಟಿನಲ್ಲಿ ಒಂದು ಕ್ಷಣ ನಿಲ್ಲಿ. ಎಂಥ ದೆವ್ವ ಎದುರು ಬಂದರೂ ಅವಳ ಹುಬ್ಬು ಅಲ್ಲಾಡುವುದಿಲ್ಲ. ‘ನಾಯಕಿಗೆ ಜೀವವೇ ಇಲ್ಲ’ ಎಂಬ ದೂರು ಅಭಿಮಾನಿಗಳ ನಡುವೆ ಹಳೆಯದು. ಆದರೆ ಸುತ್ತ ಎಲ್ಲರೂ ಕಿರುಚಾಡುವಾಗ ಅವಳೊಬ್ಬಳು ಸುಮ್ಮನಿರುವುದೇ ತಾಳ ಹಿಡಿಯುವುದು. ಪುಟ ಸರಸರ ತಿರುಗಿಸಿದರೆ ಅದು ಕಾಣುವುದಿಲ್ಲ.

ಹಳೆಯ ಇಂಗ್ಲಿಷ್ ಪ್ರತಿ ಕೊಳ್ಳುವವರು ಒಳಪುಟ ನೋಡಿಯೇ ದುಡ್ಡು ಕೊಡಿ. 1990ರ ದಶಕದಲ್ಲಿ ಅಮೆರಿಕದ ಪ್ರಕಾಶಕರು ವಿಝ್ ಹೊರತಂದ, ತಕಾಹಾಶಿಯದೇ ‘ರಾನ್ಮಾ ½’ ಸಂಪುಟಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಎಡದಿಂದ ಬಲಕ್ಕೆ ಅಚ್ಚು ಹಾಕಿದ್ದರು. ಹಾಗೆ ತಿರುಗಿಸಿದಾಗ ಬಲಗೈಯವರೆಲ್ಲ ಎಡಗೈಯವರಾಗುತ್ತಾರೆ. ಅದಕ್ಕಿಂತ ದೊಡ್ಡ ಎಡವಟ್ಟು ಕಿಮೊನೊದ್ದು. ಬದುಕಿರುವವರು ತಮ್ಮ ಎಡಗಡೆಯ ಅಂಚನ್ನು ಮೇಲೆ ತಂದು ಉಡುತ್ತಾರೆ. ಬಲಗಡೆಯದನ್ನು ಮೇಲೆ ತರುವುದು ಹೆಣಕ್ಕೆ ಮಾತ್ರ. ಕನ್ನಡಿ ಅಚ್ಚಿನಲ್ಲಿ ಇಡೀ ಊರೇ ಹೆಣದ ಉಡುಗೆಯಲ್ಲಿ ಓಡಾಡುತ್ತದೆ. 2014ರಿಂದ ಬಂದ, ಎರಡು ಸಂಪುಟ ಸೇರಿಸಿ ಕಟ್ಟಿದ ಆವೃತ್ತಿಯಲ್ಲಿ ಈ ತೊಂದರೆ ಇಲ್ಲ.

ಮುಂದೆ ಯಾವುದು?

ಬರೆದ ಕ್ರಮದಲ್ಲಿ ಓದುತ್ತೇನೆ ಎಂದು ಹಟ ಹಿಡಿಯಬೇಡಿ. ರಿನ್ನೆಯಲ್ಲಿ ಏನು ಹಿಡಿಸಿತು ಎಂಬುದರ ಮೇಲೆ ಆರಿಸಿ.

ನಿಯಮದ ಆಟ ಹಿಡಿಸಿದವರಿಗೆ ‘ರಾನ್ಮಾ ½’ (1987–1996, 38 ಸಂಪುಟ). ತಣ್ಣೀರು ಬಿದ್ದರೆ ಹುಡುಗ ಹುಡುಗಿಯಾಗುತ್ತಾನೆ, ಬಿಸಿನೀರು ಬಿದ್ದರೆ ಮತ್ತೆ ಹುಡುಗ, ಅವನಪ್ಪ ಪಾಂಡಾ. ನಿಯಮದ ಚೀಟಿ ಒಂದೇ ಸಾಲು. ಅಷ್ಟರಲ್ಲೇ 38 ಸಂಪುಟ ಎಳೆದದ್ದು ಸಾಮಾನ್ಯ ಮಾತಲ್ಲ, ಕೊನೆಯ ಹತ್ತರಲ್ಲಿ ಎಳೆತ ಕಾಣುತ್ತದೆ ಎನ್ನುವುದೂ ನಿಜ. ಹಳೆಯ ಅನಿಮೆ 161 ಕಂತು. 2024ರ ಹೊಸದರಲ್ಲೂ ರಾನ್ಮಾ ಮತ್ತು ನಾಯಕಿ ಅಕಾನೆಗೆ ಹಳೆಯ ಕಂಠಗಳೇ ಇವೆ.

ಗುಂಪಿನ ಗದ್ದಲ ಬೇಕಾದವರಿಗೆ ‘ಉರುಸೇಯ್ ಯಾತ್ಸುರಾ’ (1978–1987, 34 ಸಂಪುಟ). 195 ಕಂತಿನ ಹಳೆಯ ಅನಿಮೆಗೆ ನೇರವಾಗಿ ಕೈ ಹಾಕಬೇಡಿ. 2022ರಿಂದ 2024ರವರೆಗೆ ಬಂದ 46 ಕಂತಿನದನ್ನು ಮೊದಲು ನೋಡಿ. ನಾಯಕಿ ಲಮ್‌ಗೆ ಕೊಂಬು, ಹುಲಿಚರ್ಮದ ಬಟ್ಟೆ ಯಾಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅವಳು ‘ಓನಿ’, ರಾಕ್ಷಸ ಜಾತಿ. ಓನಿಗಳು ಬರುವ ಬಾಗಿಲು ಈಶಾನ್ಯ. ಜಪಾನಿನ ಹಳೆಯ ದಿಕ್ಕಿನ ಲೆಕ್ಕದಲ್ಲಿ ಈಶಾನ್ಯ ಎಂದರೆ ಎತ್ತು ಮತ್ತು ಹುಲಿಯ ನಡುವಿನ ಮೂಲೆ, ಹಾಗಾಗಿ ಎತ್ತಿನ ಕೊಂಬು, ಹುಲಿಯ ಚರ್ಮ. ನಾವು ದೇವರ ಮನೆ ಇಡುವ ಮೂಲೆಯಿಂದಲೇ ಅವರಿಗೆ ರಾಕ್ಷಸರು ಬರುತ್ತಾರೆ.

ರಿನ್ನೆ ಮತ್ತು ಸಕುರಾಳ ನಿಧಾನದ ಒಲವು ಹಿಡಿಸಿದ್ದರೆ ‘ಮೇಜೊನ್ ಇಕ್ಕೊಕು’ (1980–1987, 15 ಸಂಪುಟ). ಇಲ್ಲಿ ದೆವ್ವ ಇಲ್ಲ, ನಾಯಕಿಯ ತೀರಿಹೋದ ಗಂಡನ ನೆನಪು ಇದೆ, ಅವನದೇ ಹೆಸರಿನ ನಾಯಿಯೂ ಇದೆ. ಹೆಸರುಗಳಲ್ಲಿ ಅಂಕಿಗಳು ಅಡಗಿವೆ: ಒತೊನಾಶಿಯಲ್ಲಿ ಸೊನ್ನೆ, ಇಚಿನೊಸೆಯಲ್ಲಿ ಒಂದು, ಮಿತಾಕಾದಲ್ಲಿ ಮೂರು, ಗೊದಾಯ್‌ನಲ್ಲಿ ಐದು. ಉಳಿದವನ್ನು ನೀವೇ ಹುಡುಕಿ. ತಕಾಹಾಶಿಯ ಅತ್ಯುತ್ತಮ ಕೃತಿ ಇದೇ ಎಂದು ವಾದಿಸುವವರ ಜೊತೆ ಜಗಳವಾಡಿ ಗೆಲ್ಲುವುದು ಕಷ್ಟ.

‘ಇನುಯಾಶಾ’ 56 ಸಂಪುಟ, ಅನಿಮೆ 167 ಕಂತು, ಅದರ ಮೇಲೆ ಮುಕ್ತಾಯದ 26. ರಿನ್ನೆ ಆದ ತಕ್ಷಣ ಇದನ್ನು ಎತ್ತಿಕೊಳ್ಳಬೇಡಿ, ದಣಿವಾಗುತ್ತದೆ. ಹೆದರಿಕೆಯೇ ಬೇಕಿದ್ದರೆ ತಕಾಹಾಶಿಯ ಮತ್ಸ್ಯಕನ್ಯೆಯ ಕಥೆಗಳಿವೆ. ಮತ್ಸ್ಯಕನ್ಯೆಯ ಮಾಂಸ ತಿಂದವರಲ್ಲಿ ಅಪರೂಪಕ್ಕೆ ಒಬ್ಬರಿಗೆ ಸಾವಿಲ್ಲದ ಬದುಕು, ಉಳಿದವರು ಸಾಯುತ್ತಾರೆ, ಇಲ್ಲವೇ ವಿಕಾರ ಪ್ರಾಣಿಯಾಗುತ್ತಾರೆ. ಇಲ್ಲೂ ಒಂದೇ ಷರತ್ತು, ಆದರೆ ನಗು ಇಲ್ಲ, ರಕ್ತ ಇದೆ. ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ.

ಗ್ರೂಪಿನಲ್ಲಿ ಮಾತಾಡುವಾಗ

ವಾರಕ್ಕೆ ಮೂರು ಕಂತು ಇಟ್ಟುಕೊಂಡರೆ 25 ವಾರಕ್ಕೆ ಅನಿಮೆ ಮುಗಿಯುತ್ತದೆ. ಐದು ಇಟ್ಟವರ ಗ್ರೂಪು ಎರಡನೇ ಸೀಸನ್ ಹೊತ್ತಿಗೆ ಮೌನವಾಗುತ್ತದೆ, ಯಾಕೆಂದರೆ ಬಿಡಿ ಪ್ರಕರಣಗಳು ಒಟ್ಟಿಗೆ ನೋಡಿದರೆ ಕಲಸಿಹೋಗುತ್ತವೆ.

ಮಾಂಗಾದವರೂ ಅನಿಮೆಯವರೂ ಒಂದೇ ಗ್ರೂಪಿನಲ್ಲಿದ್ದರೆ ಮೆಸೇಜಿನ ಮೊದಲ ಸಾಲಿನಲ್ಲಿ ಸಂಪುಟ, ಅಧ್ಯಾಯದ ಸಂಖ್ಯೆ ಮಾತ್ರ ಬರೆಯಿರಿ, ನಾಲ್ಕು ಸಾಲು ಖಾಲಿ ಬಿಟ್ಟು ವಿಷಯಕ್ಕೆ ಬನ್ನಿ. ಬರಿಯ ಕಂತಿನ ಸಂಖ್ಯೆ ಸಾಲದು, ಅದು ಮಾಂಗಾದ ಲೆಕ್ಕಕ್ಕೆ ಕೂಡುವುದಿಲ್ಲ. ಪುಟದ ಫೋಟೊ ಹಾಕುವುದಾದರೆ ಒಂದೇ ಚೌಕಟ್ಟು ಕತ್ತರಿಸಿ ಹಾಕಿ. ಜೋಕು ಪುಟದ ಕೊನೆಯಲ್ಲಿ, ಎಡಗಡೆಯ ಕೆಳಮೂಲೆಯಲ್ಲಿ ಇರಬಹುದು. ಪೂರ್ತಿ ಪುಟ ಕಂಡರೆ ಓದುವ ಮೊದಲೇ ಕಣ್ಣು ಅದರ ಮೇಲೆ ಬೀಳಬಹುದು.