ಲಡಾಖಿಗೆ ಹೊರಟಿದ್ದೀರಾ? ಕಾರ್ಗಿಲ್ ದಾರಿ ಹಿಡಿಯಿರಿ

ಲಡಾಖ್ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬೈಕು, ಪ್ಯಾಂಗಾಂಗ್ ಸರೋವರ, ಖರ್ದುಂಗ್ ಲಾ (ಲಾ ಅಂದರೆ ಬೆಟ್ಟ ದಾಟುವ ದಾರಿ, ಪಾಸ್) ಬೋರ್ಡಿನ ಮುಂದೆ ಒಂದು ಫೋಟೊ. ಅದೆಲ್ಲ ಇರಲಿ, ಬೇಡ ಅನ್ನುವುದಿಲ್ಲ. ಆದರೆ ವಿಮಾನದಲ್ಲಿ ಲೇಹ್‌ಗೆ ಇಳಿದು, ಅಲ್ಲಿಂದಲೇ ಸುತ್ತಾಡಿ ವಾಪಸ್ ಬಂದವರಿಗೆ ಲಡಾಖಿನ ಅರ್ಧ ಭಾಗ ಕಾಣುವುದೇ ಇಲ್ಲ. 2011ರ ಜನಗಣತಿ ಪ್ರಕಾರ ಲಡಾಖಿನ ಒಟ್ಟು ಜನ 2,74,289. ಅದರಲ್ಲಿ 1,40,802 ಮಂದಿ ಕಾರ್ಗಿಲ್ ಜಿಲ್ಲೆಯವರು, ಅಂದರೆ ಅರ್ಧಕ್ಕಿಂತ ಜಾಸ್ತಿ. ಅವರಲ್ಲಿ ಬಹುಪಾಲು ಶಿಯಾ ಮುಸ್ಲಿಮರು. ನಮ್ಮ ಪ್ರವಾಸದ ಪೋಸ್ಟರುಗಳಲ್ಲಿ ಅವರು ಎಲ್ಲೂ ಇಲ್ಲ, ಅಲ್ವಾ?

ಹಾಗಾಗಿ ನನ್ನ ಸಲಹೆ ಇಷ್ಟೇ: ಶ್ರೀನಗರದಿಂದ ರಸ್ತೆಯಲ್ಲಿ ಹೋಗಿ, ಕಾರ್ಗಿಲ್‌ನಲ್ಲಿ ಕನಿಷ್ಠ ಎರಡು ರಾತ್ರಿ ತಂಗಿ, ಆಮೇಲೆ ಲೇಹ್ ಸೇರಿ. ವಾಪಸ್ ಬರುವಾಗ ಬೇಕಾದರೆ ವಿಮಾನ ಹಿಡಿಯಿರಿ. ಇದು ದೇಹಕ್ಕೂ ಒಳ್ಳೆಯದು. ಶ್ರೀನಗರ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಕಾರ್ಗಿಲ್ ಸುಮಾರು 2,700, ಲೇಹ್ 3,500. ಮೆಟ್ಟಿಲು ಮೆಟ್ಟಿಲಾಗಿ ಏರಿದರೆ ತಲೆನೋವು, ವಾಂತಿ, ಉಸಿರಾಟದ ತೊಂದರೆ ಕಡಿಮೆ. ವಿಮಾನದಲ್ಲೇ ಹೋಗುವುದಾದರೆ ಮೊದಲ ಎರಡು ದಿನ ಎಲ್ಲೂ ಸುತ್ತಾಡದೆ ಸುಮ್ನೆ ಮಲಗಿ. ಇದರಲ್ಲಿ ರಾಜಿ ಬೇಡ.

ಹೊರಡುವ ಮೊದಲು ಒಂದು ದೊಡ್ಡ ನಕಾಶೆ ಬಿಡಿಸಿಕೊಂಡು ಕೂರಿ. ದಕ್ಷಿಣದಿಂದ ಉತ್ತರಕ್ಕೆ ನಾಲ್ಕು ಪರ್ವತ ಸಾಲುಗಳನ್ನು ಗುರುತಿಸಿ: ಹಿಮಾಲಯ, ಝಂಸ್ಕಾರ್, ಲಡಾಖ್, ಕಾರಕೋರಂ. ನಡುವೆ ಸಿಂಧೂ ನದಿಯನ್ನು ಬೆರಳಿನಿಂದ ಎಳೆಯಿರಿ. ಮುಂಗಾರಿನ ಮೋಡಗಳನ್ನು ಹಿಮಾಲಯವೇ ತಡೆದುಬಿಡುತ್ತದೆ, ಹಾಗಾಗಿ ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಹಿಮ ಎಲ್ಲ ಸೇರಿ ಸುಮಾರು 100 ಮಿಲಿಮೀಟರ್. ದಾರಿಯಲ್ಲಿ ಎಲ್ಲಿ ಹಸಿರು ಕಂಡರೂ ಅದರ ಮೇಲ್ಗಡೆ ಹಿಮ ಕರಗಿದ ನೀರಿನ ಕಾಲುವೆ ಇದ್ದೇ ಇರುತ್ತದೆ. ಯಾರ ಹೊಲಕ್ಕೆ ಯಾವಾಗ ನೀರು ಅಂತ ನೋಡಿಕೊಳ್ಳಲು ಎಷ್ಟೋ ಹಳ್ಳಿಗಳಲ್ಲಿ ಚುರ್ಪೋನ್ ಅಂತ ಒಬ್ಬರನ್ನು ನೇಮಿಸುತ್ತಾರೆ. ವಸಂತದಲ್ಲಿ ಬಿತ್ತನೆಗೆ ನೀರು ಬೇಕು, ಆದರೆ ಹಿಮನದಿ ಕರಗುವುದು ತಡ. ಈ ಕೊರತೆ ತುಂಬಲು ಚೆವಾಂಗ್ ನಾರ್ಫೆಲ್ ಅನ್ನುವ ಎಂಜಿನಿಯರ್ ಚಳಿಗಾಲದ ನೀರನ್ನು ತಡೆದು ಹೆಪ್ಪುಗಟ್ಟಿಸಿ ಕೃತಕ ಹಿಮನದಿ ಮಾಡಿದರು. ಆಮೇಲೆ ಸೋನಂ ವಾಂಗ್ಚುಕ್ ಅದೇ ನೀರನ್ನು ಶಂಕುವಿನ ಆಕಾರದಲ್ಲಿ ಹೆಪ್ಪುಗಟ್ಟಿಸುವ ಐಸ್ ಸ್ತೂಪ ಕಟ್ಟಿದರು. ಇಷ್ಟು ಗೊತ್ತಿದ್ದರೆ, ಹೋಮ್‌ಸ್ಟೇಯಲ್ಲಿ ಒಂದು ಬಕೆಟ್ ನೀರು ಕೊಟ್ಟು, ಮಣ್ಣು ಸುರಿಯುವ ಒಣ ಪಾಯಿಖಾನೆ ತೋರಿಸಿದಾಗ ನೀವು ಮುಖ ಸಿಂಡರಿಸುವುದಿಲ್ಲ.

ಶ್ರೀನಗರ ಬಿಟ್ಟು ಸೋನಾಮಾರ್ಗ್ ದಾಟಿದರೆ ಜೋಜಿ ಲಾ, 3,528 ಮೀಟರ್. ಇಲ್ಲಿ ಎರಡು ನಿಮಿಷ ನಿಂತು ಹಿಂದೆ ಮುಂದೆ ನೋಡಿ: ಹಿಂದೆ ಕಾಡು, ಮುಂದೆ ಬೋಳು ಬೆಟ್ಟ. ನಾವು ತಿಳಿದಿರಲೇಬೇಕಾದ ಇನ್ನೊಂದು ಸಂಗತಿ ಇಲ್ಲಿದೆ. 1948ರಲ್ಲಿ ಈ ಪಾಸ್ ಪಾಕಿಸ್ತಾನದ ಕಡೆಯವರ ಕೈಗೆ ಹೋಗಿ ಲೇಹ್‌ಗೆ ರಸ್ತೆಯೇ ಇಲ್ಲದಂತಾಗಿತ್ತು. ಆಗ ಇಲ್ಲಿನ ಸೇನೆಯ ಹೊಣೆ ಹೊತ್ತಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಯಾರೂ ಊಹಿಸದ ಎತ್ತರಕ್ಕೆ ಸ್ಟುವರ್ಟ್ ಟ್ಯಾಂಕುಗಳನ್ನು ಗುಟ್ಟಾಗಿ ಸಾಗಿಸಿ, ನವೆಂಬರ್ 1ರಂದು ದಾಳಿ ಮಾಡಿ ಪಾಸ್ ಬಿಡಿಸಿಕೊಂಡರು. ಆ ದಿನ ಇಲ್ಲದಿದ್ದರೆ ಲೇಹ್ ಇವತ್ತು ನಮ್ಮ ನಕಾಶೆಯಲ್ಲಿ ಇರುತ್ತಿತ್ತೋ ಇಲ್ಲವೋ.

ದ್ರಾಸ್‌ನಲ್ಲಿ ತೊಲೊಲಿಂಗ್ ಬೆಟ್ಟದ ಬುಡದಲ್ಲಿರುವ ಯುದ್ಧ ಸ್ಮಾರಕಕ್ಕೆ ಹೋಗಿ. ಅಲ್ಲಿ ಕಲ್ಲಿನ ಮೇಲಿನ ಹೆಸರುಗಳನ್ನು ನಿಧಾನವಾಗಿ ಓದಿ. ಆದರೆ ದ್ರಾಸ್ ಅಂದರೆ 1999ರ ಕಾರ್ಗಿಲ್ ಯುದ್ಧ ಮಾತ್ರ ಅಲ್ಲ. ಶಿನಾ ಭಾಷೆ ಆಡುವ ಮುಸ್ಲಿಮರ ಊರು ಅದು. ಯುದ್ಧದಲ್ಲಿ ಶೆಲ್ ಬಿದ್ದದ್ದು ಅವರ ಮನೆಗಳ ಮೇಲೆ. ಚಹಾ ಅಂಗಡಿಯಲ್ಲಿ ಕೂತು ಕೇಳಿ, ಹೇಳುತ್ತಾರೆ.

ಕಾರ್ಗಿಲ್‌ನಲ್ಲಿ ಎರಡು ಜಾಗ ತಪ್ಪಿಸಬೇಡಿ. ಒಂದು, ಮುನ್ಶಿ ಅಜೀಜ್ ಭಟ್ ಮ್ಯೂಸಿಯಂ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಈ ವ್ಯಾಪಾರಿಯ ತಂಗುದಾಣದಲ್ಲಿ (ಸರಾಯ್) ಮಧ್ಯ ಏಷ್ಯಾದ ಸರಕು ಇಳಿಯುತ್ತಿತ್ತು. ಜಮಖಾನೆ, ಟೋಪಿ, ಕುದುರೆ ಜೀನು, ದೂರದೂರದ ಕಂಪನಿಗಳ ಸಾಮಾನು ಎಲ್ಲ ಇವೆ. ಇನ್ನೊಂದು ಹುಂದರ್ಮಾನ್, ನಿಯಂತ್ರಣ ರೇಖೆಯ ಪಕ್ಕದ ಹಳ್ಳಿ. 1971ರ ಯುದ್ಧದಲ್ಲಿ ಭಾರತದ ಕಡೆ ಬಂತು. ಖಾಲಿಯಾದ ಹಳೆಯ ಕಲ್ಲಿನ ಮನೆಗಳಲ್ಲಿ ಊರವರು ಬಿಟ್ಟುಹೋದ ವಸ್ತುಗಳನ್ನು ಜೋಡಿಸಿಟ್ಟಿದ್ದಾರೆ. ಹಿಂದೆ ಲಡಾಖಿನ ಆಡಳಿತದಲ್ಲಿ ಲೇಹ್, ಕಾರ್ಗಿಲ್, ಸ್ಕರ್ದು ಮೂರೂ ಸೇರಿ ಒಂದೇ ವಜಾರತ್, ಅಂದರೆ ಒಂದೇ ಜಿಲ್ಲೆ ಆಗಿದ್ದವು. 1948ರ ನಂತರ ಸ್ಕರ್ದು ಪಾಕಿಸ್ತಾನದ ಕಡೆ ಉಳಿಯಿತು. ಅಣ್ಣ ಈ ಕಡೆ, ತಂಗಿ ಆ ಕಡೆ ಆದ ಮನೆಗಳು ಇಲ್ಲಿ ಎಷ್ಟೋ ಇವೆ. ಇವರ ಪುರ್ಗಿ ಭಾಷೆ ಟಿಬೆಟನ್ ಗುಂಪಿಗೇ ಸೇರಿದ್ದು, ಲಡಾಖಿ ಭಾಷೆಗೆ ಹತ್ತಿರ. ಇಲ್ಲಿ ಸಲಾಂ ಹೇಳಿ, ಲೇಹ್ ಕಡೆ ಜುಲೇ ಹೇಳಿ. ಮೊಹರಂ ಸಮಯದಲ್ಲಿ ಹೋದರೆ ಊರೇ ಶೋಕದಲ್ಲಿರುತ್ತದೆ, ನೀವೂ ಹಾಗೇ ನಡೆದುಕೊಳ್ಳಿ.

ಮುಂದೆ ಮುಲ್ಬೇಖ್. ರಸ್ತೆ ಪಕ್ಕದ ಬಂಡೆಯಲ್ಲೇ ದೊಡ್ಡ ಮೈತ್ರೇಯ ಬುದ್ಧನನ್ನು ಕೆತ್ತಿದ್ದಾರೆ. ಮಸೀದಿ ಮತ್ತು ಗೊಂಪಾ (ಬೌದ್ಧ ಮಠ) ಒಂದೇ ಹಳ್ಳಿಯಲ್ಲಿ ಕಾಣಲು ಶುರುವಾಗುವುದು ಇಲ್ಲೇ. ಆಮೇಲೆ ಈ ರಸ್ತೆಯ ಅತಿ ಎತ್ತರದ ಜಾಗ ಫೋತು ಲಾ, 4,108 ಮೀಟರ್. ಜೋಜಿ ಲಾಕ್ಕಿಂತ ಎತ್ತರ, ಆದರೂ ದಾರಿ ಸಲೀಸು. ಅದನ್ನು ದಾಟಿದರೆ ಲಾಮಾಯುರು, ಹಳೇ ಸರೋವರದ ತಳವಾಗಿದ್ದ ಹಳದಿ ಮಣ್ಣಿನ ದಿಬ್ಬಗಳು. ಆಲ್ಚಿಯಲ್ಲಿ ಸುಮಾರು ಸಾವಿರ ವರ್ಷ ಹಳೆಯ ಭಿತ್ತಿಚಿತ್ರಗಳಿವೆ, ಒಳಗೆ ಕ್ಯಾಮೆರಾ ತೆಗೆಯಬೇಡಿ. ಮ್ಯಾಗ್ನೆಟಿಕ್ ಹಿಲ್‌ನಲ್ಲಿ ಕಳೆಯುವ ಸಮಯವನ್ನು ಬಾಸ್ಗೋ ಕೋಟೆಗೆ ಕೊಡಿ.

ಲೇಹ್ ಅರಮನೆ ನೋಡುವಾಗ ಅದನ್ನು ಕಟ್ಟಿಸಿದ ಸೆಂಗೆ ನಮ್ಗ್ಯಾಲ್ ಬಗ್ಗೆ ಇದು ನೆನಪಿರಲಿ: ಅವನ ಅಪ್ಪ ಜಾಮ್ಯಾಂಗ್ ನಮ್ಗ್ಯಾಲ್ ಸ್ಕರ್ದು ಕಡೆಯ ಬಾಲ್ಟಿ ಜನರ ಮೇಲೆ ಯುದ್ಧಕ್ಕೆ ಹೋಗಿ ಸೋತು ಸೆರೆಯಾದ, ಸ್ಕರ್ದುವಿನ ದೊರೆಯ ಮಗಳು ಗ್ಯಾಲ್ ಖಾತೂನಳನ್ನು ಮದುವೆಯಾಗಿ ವಾಪಸ್ ಬಂದ. ಲಡಾಖಿನ ಅತಿ ದೊಡ್ಡ ಬೌದ್ಧ ದೊರೆಯ ತಾಯಿ ಮುಸ್ಲಿಂ ರಾಜಕುಮಾರಿ. 1834ರಲ್ಲಿ ಜಮ್ಮುವಿನ ಡೋಗ್ರಾ ಸೇನಾಪತಿ ಜೋರಾವರ್ ಸಿಂಗ್ ಬಂದ ಮೇಲೆ ಆ ವಂಶದ ಆಳ್ವಿಕೆ ಮುಗಿಯತೊಡಗಿತು. ಅರಮನೆ ಕೆಳಗಿನ ಬಜಾರಿಗೆ ಯಾರ್ಕಂದ್, ಕಾಶ್ಮೀರ, ಪಂಜಾಬಿನ ವ್ಯಾಪಾರಿಗಳು ಬರುತ್ತಿದ್ದರು. ಅವರಲ್ಲಿ ಇಲ್ಲೇ ಮದುವೆಯಾಗಿ ನಿಂತವರ ಮಕ್ಕಳು ಅರ್ಗೋನ್ ಸಮುದಾಯ. ನುಬ್ರಾ ಕಣಿವೆಯ ಹುಂದರ್ ಮರಳಿನಲ್ಲಿ ಸವಾರಿ ಮಾಡುವ ಎರಡು ಡುಬ್ಬದ ಒಂಟೆಗಳೂ ಆ ವ್ಯಾಪಾರದ ಪಳೆಯುಳಿಕೆಯೇ.

ಥಿಕ್ಸೆಯಂಥ ಗೊಂಪಾಗಳಲ್ಲಿ ಭಿಕ್ಷುಗಳನ್ನು ಮಾತಾಡಿಸಿ. ಲಡಾಖಿನ ಎಷ್ಟೋ ಹುಡುಗರು ಮುಂಡಗೋಡು, ಬೈಲುಕುಪ್ಪೆಯ ಮಠಗಳಲ್ಲಿ ವರ್ಷಗಟ್ಟಲೆ ಓದಿದವರು. ಕರ್ನಾಟಕದಿಂದ ಬಂದಿದ್ದೇವೆ ಅಂದರೆ ಮಾತು ತಾನಾಗಿ ಬೆಳೆಯುತ್ತದೆ.

ದಾಹ್, ಹನು, ಗರ್ಕೋನ್ ಕಡೆ ಹೋಗುವವರಿಗೆ ಒಂದು ಕಿವಿಮಾತು. ತಲೆಗೆ ಹೂ ಮುಡಿಯುವ ಬ್ರೋಕ್ಪಾ ಜನರನ್ನು ಶುದ್ಧ ಆರ್ಯರು ಅಂತ ಮಾರುವ ಕಥೆ ನಂಬಬೇಡಿ, ಆ ಕಣ್ಣಿನಿಂದ ಅವರನ್ನು ನೋಡಲೂ ಬೇಡಿ. ಅವರು ಬಾರ್ಲಿ, ಜರ್ದಾಲು (ಏಪ್ರಿಕಾಟ್) ಬೆಳೆಯುವ ರೈತರು. 1999ರಲ್ಲಿ ಕಳೆದುಹೋದ ಯಾಕ್ ಹುಡುಕುತ್ತಾ ಹೋಗಿ, ನುಸುಳುಕೋರರನ್ನು ಕಂಡು ಸೇನೆಗೆ ಮೊದಲು ಸುದ್ದಿ ಕೊಟ್ಟವರು ಗರ್ಕೋನಿನ ತಾಶಿ ನಮ್ಗ್ಯಾಲ್. ಫೋಟೊ ತೆಗೆಯುವ ಮುಂಚೆ ಕೇಳಿ, ಬೇಡ ಅಂದರೆ ಬಿಟ್ಟುಬಿಡಿ.

ಪ್ಯಾಂಗಾಂಗ್‌ಗೆ ಹೋದಾಗ ಸರೋವರದಷ್ಟೇ ಗಮನ ಚಾಂಗ್ಪಾ ಕುರಿಗಾಹಿಗಳ ಮೇಲೂ ಇರಲಿ. ಪಶ್ಮೀನಾ ಬರುವುದು ಅವರ ಮೇಕೆಗಳ ಒಳಗೂದಲಿನಿಂದ, ಚಳಿಗಾಲ ಮುಗಿದ ಮೇಲೆ ಬಾಚಿ ತೆಗೆಯುತ್ತಾರೆ. 2020ರ ಗಲ್ವಾನ್ ಘರ್ಷಣೆಯ ನಂತರ ಮೊದಲಿನ ಕೆಲವು ಹುಲ್ಲುಗಾವಲುಗಳಿಗೆ ಹೋಗಲು ಆಗುತ್ತಿಲ್ಲ ಅನ್ನುವುದು ಅವರ ದೂರು.

ಸಮಯ ಉಳಿದರೆ ತುರ್ತುಕ್. 1971ರ ಡಿಸೆಂಬರಿನವರೆಗೆ ಪಾಕಿಸ್ತಾನದ ಹಿಡಿತದಲ್ಲಿದ್ದ ಬಾಲ್ಟಿ ಹಳ್ಳಿ, ಪ್ರವಾಸಿಗರಿಗೆ ತೆರೆದದ್ದು 2010ರಲ್ಲಿ. ಬಕ್‌ವೀಟ್ ಅನ್ನುವ ಧಾನ್ಯದ ಹಿಟ್ಟಿನ ರೊಟ್ಟಿ ಮತ್ತು ಜರ್ದಾಲು ಕೇಳಿ ತಿನ್ನಿ.

ರಾಜಕೀಯದ ಮಾತು ಬರುತ್ತದೆ, ಹೆದರಬೇಡಿ, ಆದರೆ ಕೇಳಿಸಿಕೊಳ್ಳಿ. 2019ರ ಅಕ್ಟೋಬರ್ 31ಕ್ಕೆ ಲಡಾಖ್ ಕೇಂದ್ರಾಡಳಿತ ಪ್ರದೇಶವಾದಾಗ ಲೇಹ್‌ನಲ್ಲಿ ಸಂಭ್ರಮ, ಕಾರ್ಗಿಲ್‌ನಲ್ಲಿ ಪ್ರತಿಭಟನೆ. ಈಗ ಎರಡೂ ಕಡೆಯ ಸಂಘಟನೆಗಳು ಸೇರಿ ರಾಜ್ಯದ ಸ್ಥಾನಮಾನ, ಬುಡಕಟ್ಟು ಪ್ರದೇಶಗಳಿಗೆ ಸ್ವಂತ ಆಡಳಿತ ಕೊಡುವ ಸಂವಿಧಾನದ ಆರನೇ ಅನುಸೂಚಿಯ ರಕ್ಷಣೆ ಕೇಳುತ್ತಿವೆ. 1989ರಲ್ಲಿ ಬೌದ್ಧರು ಮುಸ್ಲಿಮರಿಗೆ ಸಾಮಾಜಿಕ ಬಹಿಷ್ಕಾರ ಹಾಕಿದ್ದ ನೆಲದಲ್ಲಿ ಇದು ಸಣ್ಣ ಬದಲಾವಣೆ ಅಲ್ಲ.

ಕೊನೆಗೆ ಒಂದಿಷ್ಟು ಸಾಮಾನ್ಯ ಸಂಗತಿ. ನಮ್ಮ ಪ್ರೀಪೇಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಡ್ ಇರಲಿ. ಗಡಿ ಹಳ್ಳಿಗಳಿಗೆ ಬೇಕಾದ ಕಾಗದಪತ್ರದ ನಿಯಮ ಬದಲಾಗುತ್ತಿರುತ್ತದೆ, ಲೇಹ್‌ನಲ್ಲೇ ಕೇಳಿ. ಗುರುತಿನ ಚೀಟಿಯ ಜೆರಾಕ್ಸ್ ಪ್ರತಿಗಳು ಕೈಯಲ್ಲಿರಲಿ. ಹವಾಮಾನ ಕೆಟ್ಟರೆ ವಿಮಾನ ರದ್ದಾಗುತ್ತದೆ, ಹಾಗಾಗಿ ವಾಪಸ್ ಟಿಕೆಟ್ಟಿಗೆ ಮುಂಚೆ ಒಂದು ದಿನ ಖಾಲಿ ಬಿಡಿ.