ಕಾನ್ವೆಂಟ್ ತೋಟದ ಬಸವನ ಹುಳುವಿಗೆ ಬಾತುಕೋಳಿ: ನನ್ನ ಅನುಭವ

ಈ ಸಲದ ಮೊಂತಿ ಫೆಸ್ತ್, ಅಂದರೆ ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬದ ಊಟಕ್ಕೆ ನಮ್ಮ ಕಾನ್ವೆಂಟಿನಲ್ಲಿ ಏಳು ಬಗೆ ತರಕಾರಿ ಆಯಿತು. ಏಳೂ ನಮ್ಮ ಹಿತ್ತಲಿನದ್ದೇ. ಹರಿವೆ, ಅಲಸಂಡೆ, ಬೆಂಡೆ, ಹೀರೆ, ಕೆಸು, ತೊಂಡೆ, ಮುಳ್ಳುಸೌತೆ. ಸೆಪ್ಟೆಂಬರ್ 8ರ ಊಟ ಹೇಗಿರುತ್ತದೆ ಎಂದು ಮಂಗಳೂರಿನವರಿಗೆ ನಾನು ಹೇಳಬೇಕಿಲ್ಲ. ಮೀನು ಮಾಂಸ ಇಲ್ಲ, ಬಾಳೆಲೆಯಲ್ಲಿ ತರಕಾರಿ, ಅದೂ ಬೆಸ ಸಂಖ್ಯೆಯಲ್ಲಿ. ಕೆಲವು ವರ್ಷಗಳ ಹಿಂದೆ ಇದೇ ಊಟಕ್ಕೆ ಕೆಸು ಒಂದು ಬಿಟ್ಟು ಎಲ್ಲವನ್ನೂ ಮಾರ್ಕೆಟ್‌ನಿಂದ ತಂದಿದ್ದೆವು. ನೊವೆನಾದ ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಎರಚುವ ಹೂ ಕೂಡ ದುಡ್ಡು ಕೊಟ್ಟು ತಂದದ್ದು. ತೋಟ ಇರುವ ಕಾನ್ವೆಂಟಿಗೆ ಇದಕ್ಕಿಂತ ನಾಚಿಕೆ ಬೇರೆ ಬೇಕಾ?

ಕಾರಣ ಶಂಖದ ಹುಳು, ಅಂದರೆ ಆಫ್ರಿಕಾದ ದೊಡ್ಡ ಬಸವನ ಹುಳು. 1847ರಲ್ಲಿ ಮಾರಿಷಸ್‌ನಿಂದ ತಂದು ಕೋಲ್ಕತ್ತದಲ್ಲಿ ಬಿಟ್ಟ ಪ್ರಾಣಿಯಂತೆ. ಅಲ್ಲಿಂದ ನಮ್ಮ ಬಸಳೆ ಚಪ್ಪರದ ತನಕ ಬಂದು ಮುಟ್ಟಿದೆ. ಜೂನ್‌ನಲ್ಲಿ ನಾಲ್ಕು ಮಳೆ ಬಿದ್ದರೆ ಸಾಕು, ರಾತ್ರಿ ಹೊತ್ತು ಅಂಗಳದಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಚೆಂಡು ಹೂವಿನ ಸಸಿ ಒಂದೇ ರಾತ್ರಿಯಲ್ಲಿ ಕಡ್ಡಿ ಮಾತ್ರ ಉಳಿಯುತ್ತಿತ್ತು. ಪಪ್ಪಾಯಿ ಗಿಡದ ಸಿಪ್ಪೆಯನ್ನೂ ಕೆರೆದು ತಿಂದಿದ್ದವು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಉಪ್ಪು. ಐವತ್ತು ಕಿಲೋದ ಚೀಲ ತಂದು ಸಾಲಿನ ಸುತ್ತ ಹಾಕಿದೆವು. ನಮ್ಮ ಮಳೆಗೆ ಉಪ್ಪು ಎಷ್ಟು ಹೊತ್ತು ನಿಲ್ಲುತ್ತದೆ? ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಸುರಿಯುವ ಊರು. ಒಂದು ಸಂಜೆಯ ಮಳೆಗೆ ಉಪ್ಪು ಕರಗಿ ಅಲಸಂಡೆಯ ಬುಡಕ್ಕೇ ಹೋಯಿತು. ಹುಳು ಸಾಯಲಿಲ್ಲ, ಅಲಸಂಡೆ ಹಳದಿಯಾಯಿತು. ಸುಣ್ಣದ್ದೂ ಅದೇ ಕಥೆ. ಅಡಿಕೆ ತೋಟದವರು ಹೇಳಿದರು ಎಂದು ಮೈಲುತುತ್ತು ಸಿಂಪಡಿಸಿದೆವು. ಮಳೆ ಬಿಟ್ಟ ದಿನ ಪರವಾಗಿಲ್ಲ, ಆಮೇಲೆ ಮತ್ತೆ ಮೊದಲಿನಂತೆಯೇ. ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆ ಮಾತ್ರ ಕೆಲಸ ಮಾಡಿತು, ಸುಳ್ಳು ಹೇಳಬಾರದು. ಆದರೆ ಒಂದು ಮಳೆಗಾಲಕ್ಕೆ ಎರಡೂವರೆ ಮೂರು ಸಾವಿರ ರೂಪಾಯಿ ಆಯಿತು. ಅದನ್ನು ನಾಯಿ ತಿಂದರೆ ನಾಯಿಯೂ ಸಾಯುತ್ತದೆ. ನಮ್ಮಲ್ಲಿ ನಾಯಿ ಉಂಟು, ಹಾಸ್ಟೆಲ್ ಮಕ್ಕಳೂ ಇದ್ದಾರೆ. ಹಾಗಾಗಿ ಅದನ್ನು ನಿಲ್ಲಿಸಿದೆವು.

ಬಾತುಕೋಳಿ ಸಾಕುವ ಎಂದು ನಾನು ಹೇಳಿದಾಗ ಊಟದ ಮೇಜಿನಲ್ಲಿ ಎಲ್ಲರೂ ನಕ್ಕರು. ತೋಟದ ಕೆಲಸಕ್ಕೆ ಬರುವ ಅಣ್ಣ, "ಸಿಸ್ಟರೇ, ಬಾತುಕೋಳಿ ಬಿಟ್ರೆ ಹುಳದ ಮೊದಲು ಹರಿವೆ ಖಾಲಿ ಆಗ್ತದೆ" ಎಂದರು. ಅವರ ಮಾತು ಸುಳ್ಳಲ್ಲ. ಹತ್ತಿರದ ಇನ್ನೊಂದು ಮನೆಯಲ್ಲಿ ಸಾಕಿ, ತೋಟ ಹಾಳಾಗಿ, ಕೊನೆಗೆ ಅಷ್ಟನ್ನೂ ಸಾರು ಮಾಡಿದ್ದರು. ಕಾನ್ವೆಂಟಿನ ಮುಖ್ಯಸ್ಥೆ ಸುಪೀರಿಯರ್ ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ಎಷ್ಟು ಖರ್ಚಾಗ್ತದೆ?"

ಮರಿ ಒಂದಕ್ಕೆ ತೊಂಬತ್ತು ರೂಪಾಯಿಯ ಹಾಗೆ ಖಾಕಿ ಕ್ಯಾಂಪ್‌ಬೆಲ್ ಎಂಬ ತಳಿಯ ಬಾತು ತಂದೆವು, ಒಂದು ಹದಿನೈದು. ಎಲ್ಲ ಹೆಣ್ಣೇ ಎಂದು ಕೊಟ್ಟವರು ಹೇಳಿದ್ದರು. ಬೆಳೆದ ಮೇಲೆ ನೋಡಿದರೆ ಅರ್ಧಕ್ಕರ್ಧ ಗಂಡು. ಬಾಲದ ಮೇಲೆ ಸುರುಳಿ ಗರಿ ಬಂದಾಗಲೇ ಅಡುಗೆಮನೆಯ ಸಿಸ್ಟರಿಗೆ ಕ್ರಿಸ್ಮಸ್ ಊಟ ಗೊತ್ತಾಗಿಹೋಯಿತು. ಗೂಡಿಗೆ ತಂತಿಬಲೆ, ಹಳೆ ಶೀಟು, ಕೂಲಿ ಎಲ್ಲ ಸೇರಿ ಎಂಟೊಂಬತ್ತು ಸಾವಿರ. ನೀರಿಗೆ ಬಾವಿಯ ಹಳೆಯ ಸಿಮೆಂಟ್ ರಿಂಗ್ ಒಂದು ಬಿದ್ದಿತ್ತು, ಅದರ ತಳಕ್ಕೆ ಕಾಂಕ್ರೀಟ್ ಹಾಕಿಸಿದೆ. ಕೊಳ ಕೆರೆ ಏನೂ ಬೇಡ, ತಲೆ ಮುಳುಗಿಸುವಷ್ಟು ನೀರಿದ್ದರೆ ಸಾಕು.

ಮೊದಲ ಮಳೆಗಾಲ ಪೂರ್ತಿ ಸೋಲು. ಬಾತುಗಳು ಹರಿವೆ ಸಸಿಯನ್ನು ಚೊಕ್ಕ ಮಾಡಿದವು. ದೊಡ್ಡ ಶಂಖದ ಹತ್ತಿರ ಹೋಗಿ ಒಂದು ಸಲ ಕುಕ್ಕಿ ವಾಪಸ್ ಬಂದವು. ಎರಡನ್ನು ಕಾಡುಬೆಕ್ಕು ಒಯ್ದಿತು, ಒಂದು ಹೆಬ್ಬಾವಿನ ಪಾಲಾಯಿತು. ಹೆಣ್ಣು ಬಾತುಗಳ ಗಲಾಟೆ ಬೇರೆ. ಬೆಳಿಗ್ಗೆ ಐದೂವರೆಗೆ ನಾವು ಚಾಪೆಲ್‌ನಲ್ಲಿ ಧ್ಯಾನಕ್ಕೆ ಕೂತರೆ ಗೂಡಿನಿಂದ ಅವುಗಳ ಪ್ರಾರ್ಥನೆ ಶುರು. ನಮ್ಮ ಹಿರಿಯ ಸಿಸ್ಟರ್ ಒಬ್ಬರಿಗೆ ಕಿವಿ ಕೇಳುವುದು ಕಡಿಮೆ. ಅವರೊಬ್ಬರೇ ನನ್ನ ಪರ.

ಆದರೂ ಆ ವರ್ಷ ಒಂದು ವಿಷಯ ಕಣ್ಣಿಗೆ ಬಿತ್ತು. ದೊಡ್ಡ ಹುಳು ಹಾಗೆಯೇ ಇತ್ತು, ಮರಿ ಹುಳು ಮಾತ್ರ ಕಾಣುತ್ತಿರಲಿಲ್ಲ. ತೆಂಗಿನ ಬುಡದ ಮಣ್ಣು ಕೆದಕಿದರೆ ಸಾಬಕ್ಕಿಯಂತಹ ಮೊಟ್ಟೆ ಗೊಂಚಲು ಸಿಗುತ್ತದಲ್ಲ, ಒಂದೊಂದು ಕಡೆ ನೂರಿನ್ನೂರು ಇರುತ್ತವೆ. ಅದನ್ನು ಬಾತುಗಳು ಕೊಕ್ಕಿನಿಂದ ಕೆಸರು ಜಾಲಾಡಿ ತಿನ್ನುತ್ತಿದ್ದವು. ಅಂದರೆ ದೊಡ್ಡದರ ಕೆಲಸ ನಮ್ಮದು, ಮೊಟ್ಟೆ ಮರಿಯ ಕೆಲಸ ಅವುಗಳದ್ದು. ಬಾತು ತಂದು ಸೋತವರೆಲ್ಲ ಇಡೀ ಕೆಲಸವನ್ನು ಬಾತುಗಳಿಗೇ ಬಿಟ್ಟವರು.

ಹಾಗಾಗಿ ಎರಡನೇ ವರ್ಷ ನಾನು ಏಪ್ರಿಲ್‌ನಲ್ಲೇ ಶುರು ಮಾಡಿದೆ. ಬೇಸಿಗೆಯಲ್ಲಿ ಈ ಹುಳು ಸಾಯುವುದಿಲ್ಲ, ಬಾಯಿಗೆ ಬಿಳಿ ಪರದೆ ಕಟ್ಟಿಕೊಂಡು ಮಲಗಿರುತ್ತದೆ. ನಮ್ಮದು ಹಳೆಯ ಕೆಂಪು ಕಲ್ಲಿನ ಕಾಂಪೌಂಡ್. ಅದರ ಸಂದಿ, ಸೌದೆ ಕೊಟ್ಟಿಗೆಯ ಹಿಂದೆ, ತೆಂಗಿನ ಮಡಲು ರಾಶಿಯ ಅಡಿ, ಬಾಳೆ ಬುಡ, ಎಲ್ಲ ಕಡೆ ಹುಡುಕಿದೆವು. ರಜೆಗೆ ಊರಿಗೆ ಹೋಗದ ಹಾಸ್ಟೆಲ್ ಮಕ್ಕಳಿಗೆ ಗ್ಲೌಸ್ ಕೊಟ್ಟು, ಬಕೆಟ್ ತುಂಬಿಸಿದವರಿಗೆ ಐಸ್‌ಕ್ರೀಮ್ ಎಂದೆ. ಗ್ಲೌಸ್ ಬಿಟ್ಟು ಮುಟ್ಟಬೇಡಿ, ಇದರಲ್ಲಿ ಮನುಷ್ಯರ ಮಿದುಳಿಗೆ ತೊಂದರೆ ಕೊಡುವ ಸಣ್ಣ ಹುಳ ಇರಬಹುದು. ಗೋಣಿಗಟ್ಟಲೆ ಸಿಕ್ಕಿತು. ಐಸ್‌ಕ್ರೀಮ್‌ಗೆ ನಾನ್ನೂರೋ ಐನೂರೋ ಖರ್ಚಾಯಿತು. ಇಡೀ ಯೋಜನೆಯಲ್ಲಿ ಹೆಚ್ಚು ಲಾಭ ಕೊಟ್ಟ ಖರ್ಚು ಅದೇ. ಸಂದಿಗೆ ಆಮೇಲೆ ಸಿಮೆಂಟ್ ತುಂಬಿಸಿದೆ.

ಉಳಿದದ್ದನ್ನು ಮಳೆ ಶುರುವಾದ ಮೇಲೆ ರಾತ್ರಿ ಹಿಡಿದೆವು. ಒದ್ದೆ ಗೋಣಿಯ ಅಡಿ ಪಪ್ಪಾಯಿ ಎಲೆ ಇಟ್ಟರೆ ಬಂದು ಸೇರುತ್ತವೆ, ಇದು ನಿಮಗೆಲ್ಲ ಗೊತ್ತಿದೆ. ನಮಗೆ ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ಮೌನ. ನಿಲುವಂಗಿ ಮೇಲೆ ರೇನ್‌ಕೋಟ್, ಕೈಯಲ್ಲಿ ಟಾರ್ಚ್, ಯಾರೂ ಒಂದು ಮಾತು ಆಡದೆ ನಾಲ್ಕೈದು ಸಿಸ್ಟರುಗಳು ತೋಟದಲ್ಲಿ ಬಗ್ಗಿ ಬಗ್ಗಿ ನಡೆಯುವುದು. ಪಕ್ಕದ ಮನೆಯವರು ಮಾರನೇ ದಿನ ಗೇಟಿಗೇ ಬಂದು, "ರಾತ್ರಿ ನಿಮ್ಮಲ್ಲಿ ಎಂಥ ಅದು?" ಎಂದು ಕೇಳಿದರು. ಹಿಡಿದದ್ದನ್ನು ಉಪ್ಪು ನೀರಿನ ಬಕೆಟ್‌ಗೆ ಹಾಕಿ, ಬೆಳಿಗ್ಗೆ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚುವುದು. ಉಪ್ಪಿಗೆ ಇದು ಸರಿಯಾದ ಜಾಗ, ತೋಟವಲ್ಲ.

ಮಧ್ಯದಲ್ಲಿ ಒಂದು ಪ್ರಯೋಗ. ಇಡ್ಲಿಯಂತಹ ಸಾನ್ನಾಂ ಮಾಡುವ ಹಿಟ್ಟಿಗೆ ತಂದ ಶೇಂದಿ ಸ್ವಲ್ಪ ಉಳಿದಿತ್ತು. ತೆಂಗಿನ ಗೆರಟೆಗಳನ್ನು ಮಣ್ಣಿನಲ್ಲಿ ಕಂಠದವರೆಗೆ ಹೂತು ಅದರಲ್ಲಿ ಶೇಂದಿ ಹೊಯ್ದು ಇಟ್ಟೆ. ಬೆಳಿಗ್ಗೆ ಒಂದೊಂದು ಗೆರಟೆಯಲ್ಲಿ ಹತ್ತಿಪ್ಪತ್ತು ಮರಿ ಹುಳು, ಚಿಪ್ಪಿಲ್ಲದ ಗೊಂಡೆಹುಳು ಮುಳುಗಿದ್ದವು. ಭಾರೀ ಖುಷಿಯಾಯಿತು. ಆದರೆ ಮಳೆ ಬಂದರೆ ಗೆರಟೆ ತುಂಬಿ ಶೇಂದಿ ನೀರಾಗುತ್ತದೆ, ಮೇಲೆ ಮಡಲಿನ ಮಾಡು ಬೇಕು. ಮತ್ತೆ ದಿನಾ ಶೇಂದಿ ತರಿಸುವುದು ಯಾರು? "ಹುಳಕ್ಕೆ" ಎಂದು ಹೇಳಿದರೆ ಅಂಗಡಿಯವರು ನಂಬಬೇಕಲ್ಲ. ಸುಪೀರಿಯರ್ ಮುಖ ನೋಡಿ ಆ ಪ್ರಯೋಗ ಅಲ್ಲಿಗೇ ಬಿಟ್ಟೆ.

ಬಾತುಗಳನ್ನು ಬಿಡುವ ಹೊತ್ತು ಮುಖ್ಯ. ಬೆಳಿಗ್ಗೆ ಅವಕ್ಕೆ ಏನೂ ಕೊಡುವುದಿಲ್ಲ. ಪೂಜೆ ಮುಗಿಸಿ ಏಳೂವರೆಗೆ ನಾನು ಗೂಡು ತೆರೆಯುವಾಗ ಮೊಟ್ಟೆ ಇಟ್ಟು ಆಗಿರುತ್ತದೆ, ಹೊಟ್ಟೆ ಖಾಲಿ. ಬೇಗ ಬಿಟ್ಟರೆ ಮೊಟ್ಟೆಯನ್ನು ತೋಟವಿಡೀ ಹುಡುಕಬೇಕು. ಒಂಬತ್ತೂವರೆಯ ತನಕ ತೋಟ, ಆಮೇಲೆ ಅವು ಹುಳು ಬಿಟ್ಟು ಸೊಪ್ಪಿಗೆ ಬಾಯಿ ಹಾಕುತ್ತವೆ. ಆಗ ಅಟ್ಟಿ ತೆಂಗಿನ ಮರಗಳ ಕಡೆ ಬಿಡಬೇಕು. ಹರಿವೆ, ಚೆಂಡು ಹೂವಿನ ಸಸಿ ಮೊಣಕಾಲೆತ್ತರ ಬರುವ ತನಕ ಸುತ್ತ ಹಳೆಯ ಮೀನಿನ ಬಲೆ ಕಟ್ಟಿದ್ದೇವೆ. ಬಂದರಿನ ಕಡೆ ಹರಿದ ಬಲೆ ಅಗ್ಗಕ್ಕೆ ಸಿಗುತ್ತದೆ, ನಮಗೆ ಪುಕ್ಕಟೆ ಸಿಕ್ಕಿತು. ಬೆಂಡೆ, ಬಸಳೆ ಬೆಳೆದ ಮೇಲೆ ಭಯ ಇಲ್ಲ. ಕೆಸುವನ್ನು ನಮ್ಮ ಬಾತುಗಳು ಮುಟ್ಟಿದ್ದೇ ಇಲ್ಲ, ತುರಿಕೆ ಅವಕ್ಕೂ ಗೊತ್ತು.

ಸಂಜೆ ಆರಕ್ಕೆ ಆಂಜೆಲುಸ್ ಪ್ರಾರ್ಥನೆಯ ಗಂಟೆ ಬಾರಿಸಿದರೆ ಎಲ್ಲವೂ ಸಾಲು ಹಿಡಿದು ಗೂಡಿಗೆ ಬರುತ್ತವೆ. ಯಾರೂ ಅಟ್ಟಬೇಕಿಲ್ಲ. ನೋಡಲು ಬಂದ ಬೇರೆ ಕಾನ್ವೆಂಟಿನವರೆಲ್ಲ ಇದನ್ನು ಹೇಗೆ ಕಲಿಸಿದಿರಿ ಎಂದೇ ಕೇಳುತ್ತಾರೆ. ಹಾಸ್ಟೆಲ್‌ನ ಉಳಿದ ಕುಚ್ಚಲಕ್ಕಿ ಅನ್ನಕ್ಕೆ ತೌಡು ಕಲಸಿ ಆ ಹೊತ್ತಿಗೆ ಕೊಡುತ್ತೇನೆ, ಅಷ್ಟು ಹೇಳುತ್ತೇನೆ. ಅದಕ್ಕೆ ಇನ್ನೊಂದು ವಸ್ತು ಸೇರುತ್ತದೆ, ಅದನ್ನು ನಮ್ಮ ಅಡುಗೆಮನೆಯ ಸಿಸ್ಟರಿಗೂ ಹೇಳಿಲ್ಲ. ಗೂಡಿಗೆ ಈಗ ಕೆಳಗೂ ಬಲೆ ಇದೆ, ಹೆಬ್ಬಾವು ಹೆಗ್ಗಣ ಅಗೆದ ಬಿಲದಲ್ಲೇ ಬರುವುದು. ಕಣ್ಣು ಸಣ್ಣದಿರುವ ಬಲೆಯೇ ಬೇಕು.

ಕಳೆದ ವರ್ಷ ಗಲಾಟೆಗೂ ಒಂದು ದಾರಿ ಸಿಕ್ಕಿತು. ಮಸ್ಕೋವಿ ಬಾತು ತಂದು ಸೇರಿಸಿದೆ, ಅದು ಕೂಗುವುದಿಲ್ಲ, ಬರೀ ಉಸಿರು ಬಿಟ್ಟ ಹಾಗೆ ಸದ್ದು ಮಾಡುತ್ತದೆ. ಮೊಟ್ಟೆ ಕಡಿಮೆ, ಆದರೆ ಧ್ಯಾನಕ್ಕೆ ಒಳ್ಳೆಯದು. ಕ್ಯಾಂಪ್‌ಬೆಲ್ ಮೊಟ್ಟೆಯನ್ನು ಊರಕೋಳಿಯ ಅಡಿ ಕಾವಿಗೆ ಇಟ್ಟೂ ನೋಡಿದೆ. ಕೋಳಿಗೆ ಇಪ್ಪತ್ತೊಂದು ದಿನ, ಬಾತಿಗೆ ಇಪ್ಪತ್ತೆಂಟು. ಕೊನೆಯ ವಾರ ಮೊಟ್ಟೆಗೆ ದಿನಾ ಸ್ವಲ್ಪ ಉಗುರು ಬೆಚ್ಚಗಿನ ನೀರು ಚಿಮುಕಿಸಿದ ಗೂಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಒಡೆದವು, ಚಿಮುಕಿಸದ್ದರಲ್ಲಿ ಎರಡೋ ಮೂರೋ. ಮರಿ ತರುವ ಖರ್ಚು ಅಲ್ಲಿಗೆ ಮುಗಿಯಿತು. ಗಂಡು ಹೆಣ್ಣಿನ ಮೋಸವೂ ಇಲ್ಲ.

ರಿಂಗಿನ ನೀರನ್ನು ಎರಡು ದಿನಕ್ಕೊಮ್ಮೆ ಬಾಳೆಗೂ ತೊಂಡೆ ಬುಡಕ್ಕೂ ಬಿಡುತ್ತೇವೆ. ಹಟ್ಟಿಗೊಬ್ಬರ ಅರ್ಧ ಸಾಕಾಗುತ್ತದೆ, ಸುಡುಮಣ್ಣು ಮಾತ್ರ ಬಿಡಲಿಲ್ಲ. ಮೊಟ್ಟೆ ಒಂದಕ್ಕೆ ಹದಿಮೂರು ಹದಿನಾಲ್ಕು ರೂಪಾಯಿ ಸಿಗುತ್ತದೆ, ಆದಿತ್ಯವಾರ ಪೂಜೆಗೆ ಬಂದವರೇ ಕೊಂಡುಹೋಗುತ್ತಾರೆ. ಗೂಡಿನ ದುಡ್ಡು ಒಂದೂವರೆ ವರ್ಷದಲ್ಲಿ ವಾಪಸ್ ಬಂತು. ಹಳೆ ಲೆಕ್ಕ ಪುಸ್ತಕ ತೆರೆದು ಸುಪೀರಿಯರ್‌ಗೆ ನಾನೇ ತೋರಿಸಿದೆ, ಅವರು ಕೇಳದಿದ್ದರೂ.

ಹುಳು ಪೂರ್ತಿ ಹೋಗಿದೆಯೇ ಎಂದರೆ ಇಲ್ಲ. ಈ ಮಳೆಗಾಲದಲ್ಲಿ ರಾತ್ರಿ ಟಾರ್ಚ್ ಹಿಡಿದು ಹೋದರೆ ಅರ್ಧ ಬಕೆಟ್ ಸಿಕ್ಕಿದರೆ ಹೆಚ್ಚು, ಅದೂ ಪಕ್ಕದ ಜಾಗದಿಂದ ಗೋಡೆ ಹತ್ತಿ ಬಂದದ್ದು. ಆ ಜಾಗದ ಯಜಮಾನರು ಮೊದಲು ನಕ್ಕವರಲ್ಲಿ ಒಬ್ಬರು. ಜುಲೈಯಲ್ಲಿ ಬಂದು, "ಸಿಸ್ಟರ್, ಒಂದು ವಾರಕ್ಕೆ ಆರು ಬಾತು ಕೊಡ್ತೀರಾ?" ಎಂದರು. ಕೊಟ್ಟೆ. ಬಾಡಿಗೆ ವಾರಕ್ಕೆ ಹತ್ತು ತೆಂಗಿನಕಾಯಿ, ಮೊಟ್ಟೆ ನಮಗೆ.