ಕಬ್ಬಿಣವನ್ನು ಉಸಿರಾಡುವ ಜೀವಿಗಳನ್ನು ಬಾಟಲಿಯಲ್ಲಿ ಸಾಕುವುದು ಹೇಗೆ?

ಭತ್ತದ ಗದ್ದೆಗೆ ಇಳಿದವರು ಇದನ್ನು ನೋಡಿರುತ್ತೀರಿ. ನೀರು ಕಟ್ಟುವ ಮೊದಲು ಕೆಂಪಗಿದ್ದ ಮಣ್ಣು, ಕೆಲವು ವಾರ ಕಳೆದ ಮೇಲೆ ಕಾಲು ಹೂತಲ್ಲಿ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಕೊಳೆತು ಹಾಗಾಗಿದೆ ಅಂದುಕೊಂಡು ಸುಮ್ನೆ ಇರುತ್ತೇವೆ. ಆ ಕೆಂಪನ್ನು ಅಳಿಸಿದ್ದು ಬ್ಯಾಕ್ಟೀರಿಯಾ.

ನಾವು ತಿಂದ ಅನ್ನದಿಂದ ಶಕ್ತಿ ಪಡೆಯುವಾಗ ಎಲೆಕ್ಟ್ರಾನ್‌ಗಳನ್ನು ಕೊನೆಗೆ ಆಮ್ಲಜನಕಕ್ಕೆ ದಾಟಿಸುತ್ತೇವೆ. ಅದಕ್ಕೇ ಉಸಿರು ಬೇಕು. ನೀರು ನಿಂತ ಕೆಸರಿನಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ. ಆಗ ಅಲ್ಲಿನ ಜೀವಿಗಳು ಮೊದಲು ನೈಟ್ರೇಟ್, ಆಮೇಲೆ ಮ್ಯಾಂಗನೀಸ್ ಎಂಬ ಲೋಹ, ಆಮೇಲೆ ಕಬ್ಬಿಣ ಹೀಗೆ ಸಿಕ್ಕಿದ್ದಕ್ಕೆ ದಾಟಿಸುತ್ತವೆ. ಕಬ್ಬಿಣವನ್ನು ಉಸಿರಾಡುವುದು ಎಂದರೆ ಇದೇ. ಮಣ್ಣಿಗೆ ಕೆಂಪು ಬಣ್ಣ ಕೊಡುವುದು ತುಕ್ಕಿನ ರೂಪದ ಕಬ್ಬಿಣ, ಅದು ನೀರಲ್ಲಿ ಕರಗುವುದಿಲ್ಲ. ಎಲೆಕ್ಟ್ರಾನ್ ಪಡೆದ ಕಬ್ಬಿಣ ಕರಗುತ್ತದೆ, ಕೆಂಪು ಮಾಯವಾಗುತ್ತದೆ.

ಈಗ ಎರಡು ಗಾಜಿನ ಬಾಟಲಿ ತನ್ನಿ. ಎರಡಕ್ಕೂ ಮೂರನೇ ಒಂದು ಭಾಗ ಕೆಮ್ಮಣ್ಣು ಅಥವಾ ಜಂಬಿಟ್ಟಿಗೆ ಪುಡಿ ತುಂಬಿ. ಒಂದೊಂದು ಚಮಚ ಕೆರೆ ಕೆಸರು ಸೇರಿಸಿ. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಅಂತಿಟ್ಟುಕೊಳ್ಳಿ. ಒಂದು ಬಾಟಲಿಗೆ ಮಾತ್ರ ಒಂದು ಹಿಡಿ ಸಣ್ಣಗೆ ಕತ್ತರಿಸಿದ ಭತ್ತದ ಹುಲ್ಲು ಹಾಕಿ ಕಲಸಿ. ಅದೇ ಊಟ. ಎರಡಕ್ಕೂ ಕತ್ತಿನವರೆಗೆ ನೀರು ತುಂಬಿ, ಕತ್ತಲಲ್ಲಿ ಇಡಿ. ಮುಚ್ಚಳ ಸಡಿಲವಾಗಿರಲಿ. ನಾನು ಮೊದಲ ಸಲ ಬಿಗಿಯಾಗಿ ಮುಚ್ಚಿ, ಗ್ಯಾಸ್ ತುಂಬಿ, ತೆರೆದಾಗ ಕೆಸರೆಲ್ಲ ಅಂಗಿಗೆ ಚಿಮ್ಮಿತ್ತು. ವಾಸನೆಯ ಬಗ್ಗೆ ಮನೆಯವರನ್ನು ಕೇಳಬೇಕು!

ಆಮೇಲೆ ಅಲುಗಾಡಿಸಬೇಡಿ, ಗಾಳಿ ಸೇರುತ್ತದೆ. ಎರಡು ಮೂರು ವಾರದಲ್ಲಿ ಹುಲ್ಲಿನ ಬಾಟಲಿಯಲ್ಲಿ ಬೂದು ತೇಪೆಗಳು ಕಾಣಿಸುತ್ತವೆ. ಹುಲ್ಲಿಲ್ಲದ್ದು ಹೆಚ್ಚುಕಡಿಮೆ ಕೆಂಪಾಗಿಯೇ ಇರುತ್ತದೆ. ಊಟವಿಲ್ಲದೆ ಉಸಿರಾಡಿ ಏನು ಮಾಡುವುದು, ಅಲ್ವಾ? ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಸಲ್ಫೇಟ್ ಬಳಸುವ ಇನ್ನೊಂದು ಗುಂಪೂ ಕೆಲಸಕ್ಕೆ ಇಳಿದಿದೆ ಎಂದರ್ಥ.

ಕಬ್ಬಿಣ ಕರಗಿದೆಯೇ ಎಂದು ನೋಡಲು ಹಾಲು ಹಾಕದ ಚಹಾ ಸಾಕು. ಹುಲ್ಲಿನ ಬಾಟಲಿಯ ಮೇಲಿನ ತಿಳಿನೀರನ್ನು ಎರಡು ಚಮಚ ತೆಗೆದು ಚಹಾಕ್ಕೆ ಬೆರೆಸಿ ಸ್ವಲ್ಪ ಹೊತ್ತು ಬಿಡಿ. ಕಬ್ಬಿಣ ಇದ್ದರೆ ಮಸಿಯಂತೆ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣದಿಂದ ಶಾಯಿ ಮಾಡುತ್ತಿದ್ದುದೂ ಇದೇ ಉಪಾಯದಿಂದ. ಇದನ್ನು ಯಾರೂ ಕುಡಿಯಬಾರದು, ಕೈಯನ್ನು ಸೋಪಿನಿಂದ ತೊಳೆಯಿರಿ.

ಮ್ಯಾಂಗನೀಸ್ ಮನೆಯಲ್ಲಿ ಹೀಗೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಈ ಕಥೆಯ ಒಂದು ದೊಡ್ಡ ತಿರುವು ಬಂದದ್ದು ಅದರಿಂದ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒನೈಡಾ ಸರೋವರದ ಕೆಸರಿನಿಂದ ಚಾರ್ಲ್ಸ್ ಮೈಯರ್ಸ್ ಮತ್ತು ಕೆನೆತ್ ನೀಲ್ಸನ್ ಮ್ಯಾಂಗನೀಸ್ ಆಕ್ಸೈಡನ್ನು ಉಸಿರಾಡುವ ಬ್ಯಾಕ್ಟೀರಿಯಾ ಹಿಡಿದು, 1988ರಲ್ಲಿ ವರದಿ ಮಾಡಿದರು. ಈಗ ಅದರ ಹೆಸರು ಶೆವನೆಲ್ಲಾ ಒನೈಡೆನ್ಸಿಸ್. ಘನ ಖನಿಜವನ್ನು ಒಳಗೆ ಎಳೆದುಕೊಳ್ಳಲು ಆಗದು. ಹಾಗಾಗಿ ಅದು ತನ್ನ ಹೊರಪೊರೆಯ ಪ್ರೋಟೀನ್‌ಗಳ ಮೂಲಕ ಎಲೆಕ್ಟ್ರಾನನ್ನು ಹೊರಗೆ ಸಾಗಿಸುತ್ತದೆ. ನನಗೆ ಇಡೀ ವಿಷಯದಲ್ಲಿ ಅತಿ ಸೋಜಿಗದ್ದು ಇದೇ: ಮೂಗು ದೇಹದ ಹೊರಗೆ!

ಕೊನೆಗೆ ಬೂದು ಕೆಸರನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ ಗಾಳಿಗಿಡಿ. ಕೆಲವು ದಿನದಲ್ಲಿ ಮತ್ತೆ ಕಂದುಗೆಂಪಾಗುತ್ತದೆ. ಆಮೇಲೆ ಹೂಕುಂಡಕ್ಕೆ ಸುರಿಯಿರಿ.